ಕುರ್ಚಿ ಎತ್ತಿ ನೋಡಿ ಕೂರುತ್ತಿದ್ದವರು

ಬೇರೆಯವರು ಮನೆಗೆ ಬಂದರೆ ಕೊಟ್ಟ ಕುರ್ಚಿಯಲ್ಲಿ ಕೂರುತ್ತಾರೆ. ನಮ್ಮ ವಾರ್ಡನ್ ಮೇಡಂ ಮಾತ್ರ ಮೊದಲು ಕುರ್ಚಿಯನ್ನು ಎತ್ತಿ, ಬೋರಲು ಮಾಡಿ, ಅಡಿಯನ್ನೆಲ್ಲ ನೋಡಿ, ಸಮಾಧಾನವಾದ ಮೇಲೆ ಕೂರುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಯಾದರೆ ಒಂದೇ ಕೈಯಲ್ಲಿ ಕೆಲಸ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಿದ್ದದ್ದು ಮಾವ ಕೊಟ್ಟ ತೇಗದ ಕುರ್ಚಿ. ಮೊದಲ ಸಲ ಬಂದಾಗ ಅದನ್ನೂ ಬಿಡಲಿಲ್ಲ. "ಮೇಷ್ಟ್ರೇ, ಆ ಕಡೆ ಒಸಿ ಹಿಡ್ಕೊಳಿ" ಎಂದು ನನ್ನನ್ನೂ ಕೆಲಸಕ್ಕೆ ಹಚ್ಚಿದರು. ನನ್ನ ಹೆಂಡತಿಯ ಮುಖ ದಪ್ಪಗಾಯಿತು.

"ನಮ್ಮನೇಲಿ ತಿಗಣೆ ಇದೆ ಅಂದ್ಕೊಂಡ್ರಾ ಮೇಡಂ?"

"ಇಲ್ಲ ಅಂದ್ಕೊಂಡೇ ನೋಡೋದು ಕಣವ್ವ. ಇದೆ ಅಂತ ಗೊತ್ತಿದ್ರೆ ಕೂರಕ್ಕೆ ಬತ್ತಿದ್ನಾ?"

ಅವರು ನಂಜನಗೂಡಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದು ನಿವೃತ್ತರಾದವರು. ಆಮೇಲೆ ತಿ. ನರಸೀಪುರಕ್ಕೆ ಬಂದು, ನಾವಿರುವ ವಠಾರದ ಕೊನೆಯ ಮನೆಯನ್ನು ಬಾಡಿಗೆಗೆ ಹಿಡಿದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಹೆಸರು ಹಿಡಿದು ಕರೆದವರನ್ನೂ ನಾನು ಕಾಣೆ. ಎಲ್ಲರಿಗೂ ಅವರು ವಾರ್ಡನ್ ಮೇಡಂ. ಕಳೆದ ಕಾರ್ತಿಕದಲ್ಲಿ, ಮೈಸೂರಿನ ತಂಗಿಯ ಮಗಳ ಮನೆಯಲ್ಲಿ ತೀರಿಕೊಂಡರೆಂದು ಫೋನ್ ಬಂದಾಗ ನಾನು ಆ ತೇಗದ ಕುರ್ಚಿಯಲ್ಲೇ ಕೂತಿದ್ದೆ. ಫೋನಿಟ್ಟು ಎದ್ದವನು ಸುಮ್ಮನೆ ಅದನ್ನೊಮ್ಮೆ ಎತ್ತಿ ನೋಡಿದೆ. ದುಃಖ ಮನುಷ್ಯನ ಕೈಯಲ್ಲಿ ಏನೇನೋ ಮಾಡಿಸುತ್ತದೆ.

ಸೊಂಟದಲ್ಲಿ ಸದಾ ಒಂದು ಬೀಗದ ಕೈ ಗೊಂಚಲು. ಮನೆಗೆ ಇದ್ದದ್ದು ಒಂದೇ ಬೀಗ. ಉಳಿದವೆಲ್ಲ ಎಂದೋ ತುಕ್ಕು ಹಿಡಿದ ಹಾಸ್ಟೆಲ್ ಬೀಗಗಳವು. ನಡೆದರೆ ಗೊಂಚಲು ಝಣಝಣ ಎನ್ನುತ್ತಿತ್ತು, ವಠಾರದ ಮಕ್ಕಳು ಪುಸ್ತಕ ತೆಗೆಯುತ್ತಿದ್ದರು. ಸಿಟ್ಟು ಬಂದಾಗ ಆ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು ಸದ್ದು ನಿಲ್ಲಿಸಿಬಿಡುತ್ತಿದ್ದರು. ಗಲಗಲ ಎನ್ನುವಾಗ ಹೆದರಬೇಕಾಗಿರಲಿಲ್ಲ, ಸದ್ದು ನಿಂತಾಗ ಮಾತ್ರ ನಾವು ಜಾಗ ಖಾಲಿ ಮಾಡುತ್ತಿದ್ದೆವು.

ಒಬ್ಬರಿಗೆ ಅಡಿಗೆ ಮಾಡುವುದು ಅವರಿಗೆ ಕೊನೆಯವರೆಗೂ ಬರಲಿಲ್ಲ. ಹಾಸ್ಟೆಲ್ಲಿನ ಕೈ. ಒಂದು ಹಿಡಿ ಅಕ್ಕಿ ಎಂದು ಹೊರಟರೆ ಪಾತ್ರೆ ತುಂಬಿರುತ್ತಿತ್ತು. ಮಧ್ಯಾಹ್ನ ಸ್ಟೀಲ್ ಡಬ್ಬಿಗಳು ಮನೆ ಮನೆಗೆ ಹೊರಡುತ್ತಿದ್ದವು. ಅವರ ಉಪ್ಸಾರು ನಮ್ಮ ಮನೆಯಲ್ಲಿ ಜಗಳಕ್ಕೆ ಕಾರಣವಾಗುವಷ್ಟು ಚೆನ್ನಾಗಿರುತ್ತಿತ್ತು. ವಠಾರದ ಒಡತಿ ಮಾದೇವಮ್ಮನವರ ಬಾಗಿಲಿಗೆ ಹೋದ ಡಬ್ಬಿ ಮಾತ್ರ ಹಾಗೇ ವಾಪಸು ಬರುತ್ತಿತ್ತು. "ಇವತ್ತು ಒಪ್ಪೊತ್ತು ಮೇಡಂ" ಎನ್ನುತ್ತಿದ್ದರು ಮಾದೇವಮ್ಮ. ಹಣೆ ತುಂಬ ವಿಭೂತಿ, ಒಳ್ಳೆಯ ಹೆಂಗಸು, ಬಾಡಿಗೆಯವರ ಮಕ್ಕಳಿಗೆ ಜ್ವರ ಬಂದರೆ ತಾವೇ ಬಂದು ತಲೆ ಮುಟ್ಟಿ ನೋಡುವವರು. ಆದರೆ ಮೇಡಂ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಒಂದೇ ಇದ್ದದ್ದು, ಅವರ ಊರು ಕೇರಿ ಯಾವುದೆಂದು ಎಲ್ಲರಿಗೂ ತಿಳಿದಿದ್ದದ್ದು ಈ ಒಪ್ಪೊತ್ತಿನ ಹಿಂದಿನ ಸಂಗತಿ. ನಿಂಬೆಹಣ್ಣು ಕೊಟ್ಟರೆ ಮಾದೇವಮ್ಮ ತೆಗೆದುಕೊಳ್ಳುತ್ತಿದ್ದರು, ಬೇಯಿಸಿದ್ದಕ್ಕೆ ಮಾತ್ರ ಉಪವಾಸ. ಮೇಡಂಗೆ ಇದು ಗೊತ್ತಿತ್ತು. ಆದರೂ ಡಬ್ಬಿ ಕಳಿಸುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. "ಅವರ ಕೆಲ್ಸ ಬ್ಯಾಡ ಅನ್ನೋದು, ನನ್ ಕೆಲ್ಸ ಕೊಡೋದು" ಎಂದು ನನ್ನ ಹೆಂಡತಿಗೆ ಹೇಳಿದ್ದರಂತೆ.

ಹಾಗೆ ವಾಪಸು ಬಂದ ಡಬ್ಬಿಯ ಅನ್ನವೇ ಕೆಂಪಿಯನ್ನು ಕರೆತಂದದ್ದು. ಬೀದಿಯ ಹೆಣ್ಣು ನಾಯಿ, ಹೆಸರಿಗೆ ತಕ್ಕ ಬಣ್ಣ. ಒಂದು ದಿನ ಬಂದು ಉಂಡಿತು, ಮಾರನೆಯ ದಿನ ಬಂದು ಕಾದಿತು, ಆಮೇಲೆ ಹೋಗಲೇ ಇಲ್ಲ. ನನಗೆ ನಾಯಿಯೆಂದರೆ ಅಷ್ಟಕ್ಕಷ್ಟೆ. ಸೈಕಲ್ ಹೊಡೆಯುವ ಕಾಲದಿಂದ ಅವುಗಳಿಗೂ ನನಗೂ ಆಗಿಬಂದಿಲ್ಲ. ಆದರೆ ಕೆಂಪಿ ಬೊಗಳುವುದರಲ್ಲಿ ಮರ್ಯಾದೆ ಬಲ್ಲ ನಾಯಿ. ಅಪರಿಚಿತರಿಗೆ ಎರಡು ಸಲ, ಪರಿಚಿತರಿಗೆ ಬಾಲ. ಹಿಂದಿನ ಅಂಗಳದ ಕೊನೆಗೆ ಬೇವಿನ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲು, ಬದಿಗೆ ಒರಗಿಸಿಟ್ಟ ಹಳೆಯ ದೇವರ ಪಟಗಳು. ಆ ಕಟ್ಟೆಯ ನೆರಳಿನಲ್ಲಿ ಕೆಂಪಿ ಸಂಸಾರಸ್ಥರ ಹಾಗೆ ನೆಲೆಸಿತು.

ಎರಡನೆಯ ಬೇಸಿಗೆಗೆ ಕೆಂಪಿಗೆ ಉಣ್ಣೆಹುಳುವಿನ ಕಾಟ ಶುರುವಾಯಿತು. ದನಕರು ಸಾಕಿದವರಿಗೆ ಉಣ್ಣೆಯ ಪರಿಚಯ ಹೇಳಬೇಕಿಲ್ಲ. ಮೊದಮೊದಲು ಎಳ್ಳಿನಷ್ಟಿರುತ್ತದೆ, ರಕ್ತ ಕುಡಿದು ಹರಳುಬೀಜದ ಗಾತ್ರಕ್ಕೆ ಊದುತ್ತದೆ. ಕೆಂಪಿಯ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕತ್ತಿನ ಸುತ್ತ, ಎಲ್ಲೆಲ್ಲೂ. ಮೇಡಂ ದಿನಾ ಬೆಳಿಗ್ಗೆ ಅದನ್ನು ಕಾಲ ಸಂದಿಯಲ್ಲಿ ಒತ್ತಿಕೊಂಡು ಕೂತು, ಹುಬ್ಬು ಕೀಳುವ ಚಿಮಟದಿಂದ ಒಂದೊಂದೇ ಉಣ್ಣೆಯನ್ನು ಬುಡದಲ್ಲಿ ಹಿಡಿದು ನೇರಕ್ಕೆ ಎಳೆದು ಸೋಪಿನ ನೀರಿನ ಡಬ್ಬಿಗೆ ಹಾಕುತ್ತಿದ್ದರು. ಒಂದು ಭಾನುವಾರ ಮರ್ಯಾದೆಗೆ ನಾನೂ ಹೋಗಿ ಒಂದನ್ನು ಕಿತ್ತು ಮೋರಿಯ ಕಡೆ ಎಸೆದೆ.

ಗೊಂಚಲಿನ ಸದ್ದು ನಿಂತಿತು. "ಎಲ್ಲಿಗೆಸುದ್ರಿ ಮೇಷ್ಟ್ರೇ?"

"ಅಲ್ಲಿ, ಮೋರಿಗೆ."

"ಅದಕ್ಕೆ ಕಾಲಿಲ್ವಾ? ನಿಮಗಿಂತ ಜಾಸ್ತಿನೇ ಇದಾವೆ. ಓಗಿ ಉಡುಕ್ಕೊಂಡು ಬನ್ನಿ."

ಹುಡುಕಿಕೊಂಡು ಬಂದೆ. ಪಂಚೆ ಎತ್ತಿ ಕಟ್ಟಿ ಮೋರಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ನನ್ನನ್ನು ಆ ಕಡೆಯಿಂದ ಹೋಗುತ್ತಿದ್ದ ಹೈಸ್ಕೂಲು ಹುಡುಗರು ನೋಡಿದರು. ಸೋಮವಾರ ತರಗತಿಯಲ್ಲಿ ಒಂದು ಗುಸುಗುಸು ಇತ್ತು.

ಆ ಏಪ್ರಿಲಿನಲ್ಲಿ ಕೆಂಪಿ ಊಟ ಬಿಟ್ಟಿತು. ಕರೆದರೆ ಬಾಲವಷ್ಟೇ ಅಲ್ಲಾಡುತ್ತಿತ್ತು, ಮೈ ಏಳುತ್ತಿರಲಿಲ್ಲ. ಮೇಡಂ ಅದನ್ನು ಹಳೆಯ ಹಾಸ್ಟೆಲ್ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಆಟೊದಲ್ಲಿ ದನದ ಆಸ್ಪತ್ರೆಗೆ ಹೊರಟರು. ನಾನೂ ಜೊತೆಗೆ ಹೋದೆ. ಡಾಕ್ಟರು ತುಟಿ ಸರಿಸಿ ಒಸಡು ನೋಡಿದರು, ಬೆಳ್ಳಗೆ ಬಿಳಿಚಿಕೊಂಡಿತ್ತು. "ಉಣ್ಣೆ ಜ್ವರ. ನಾಯಿಗೆ ಔಷಧಿ ನಾನು ಕೊಡ್ತೀನಿ. ಜಾಗಕ್ಕೆ ಮಾತ್ರ ನೀವೇ ಡಾಕ್ಟ್ರಾಗ್ಬೇಕು ಮೇಡಂ. ಮೈಮೇಲೆ ಕಾಣೋದು ಒಂದು ಪಾಲು, ಮಿಕ್ಕಿದ್ದೆಲ್ಲ ಸಂದಿಗೊಂದಿಲಿ ಕೂತಿರ್ತವೆ. ಮೊಟ್ಟೆ ಇಡೋದೂ ಅಲ್ಲೇ" ಎಂದರು.

ಮೇಡಂ ನನ್ನ ಕಡೆ ತಿರುಗಿ, "ತಿಗಣೆ ಥರಾನೇ" ಎಂದರು. ಆ ದನಿಯಲ್ಲಿ ಹಳೆಯ ವೈರಿ ಮತ್ತೆ ಸಿಕ್ಕ ಉತ್ಸಾಹವಿತ್ತು.

ಆದರೆ ಮನೆಗೆ ಬರುವಷ್ಟರಲ್ಲಿ ಇಲ್ಲಿ ಬೇರೆಯೇ ತೀರ್ಮಾನವಾಗಿತ್ತು. ರಜಕ್ಕೆ ಬಂದಿದ್ದ ಮಾದೇವಮ್ಮನ ಮೊಮ್ಮಗಳ ಕಿವಿಯ ಹಿಂದೆ ಒಂದು ಉಣ್ಣೆ ಸಿಕ್ಕಿತ್ತು. ಮಗು ಅತ್ತದ್ದಕ್ಕಿಂತ ಅಜ್ಜಿ ಅತ್ತದ್ದು ಹೆಚ್ಚು. ಅವರ ಗಂಡ, ನಾವು ಯಜಮಾನರು ಎನ್ನುತ್ತಿದ್ದವರು, ಗೂಡ್ಸ್ ಆಟೊದವನಿಗೆ ಹೇಳಿಬಿಟ್ಟಿದ್ದರು. ಭಾನುವಾರ ಬಂದು ಕೆಂಪಿಯನ್ನು ಸೋಮನಾಥಪುರದಾಚೆ ಗದ್ದೆ ಬಯಲಿನಲ್ಲಿ ಬಿಟ್ಟು ಬರಬೇಕು.

"ನೀವು ಅನ್ನ ಆಕಿದ್ದಕ್ಕೆ ಬಂದದ್ದು ಮೇಡಂ. ಈಗ ಮಗೀಗೆ ಏನಾರ ಆದ್ರೆ?" ಎಂದರು ಮಾದೇವಮ್ಮ.

ಮಾತು ತಪ್ಪೇನಲ್ಲ. ಮೇಡಂ ಜಗಳಕ್ಕೆ ಹೋಗಲಿಲ್ಲ. ಮಗುವಿನ ತಲೆಯನ್ನು ತಾವೇ ಬಾಚಣಿಗೆ ಹಿಡಿದು ಎಳೆ ಎಳೆಯಾಗಿ ನೋಡಿ, ಜ್ವರ ಬಂದರೆ ಕೂಡಲೇ ಡಾಕ್ಟರಿಗೆ ತೋರಿಸಿ ಎಂದು ಹೇಳಿ, ಕೊನೆಗೆ ಒಂದೇ ಮಾತು ಕೇಳಿದರು. "ಭಾನುವಾರದ ತನಕ ಟೈಂ ಕೊಡಿ. ಅಷ್ಟರಲ್ಲಿ ಅಂಗಳ ಕ್ಲೀನ್ ಆಗ್ನಿಲ್ಲ ಅಂದ್ರೆ ನಾನೇ ಆಟೊಗೆ ಅತ್ತಿಸ್ತೀನಿ." ಜ್ವರದ ನಾಯಿಯನ್ನು ಬಯಲಿಗೆ ಬಿಟ್ಟರೆ ಅದು ಉಳಿಯುವುದಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಆ ವಾರ ನಮ್ಮ ವಠಾರ ಹಾಸ್ಟೆಲ್ಲಾಯಿತು. ಬೆಳಿಗ್ಗೆ ಗೊಂಚಲಿನ ಸದ್ದು ಕೇಳಿದ ಕೂಡಲೇ ಎಲ್ಲರೂ ಹೊರಗೆ. ಒಣಗಿದ ಎಲೆ ಗುಡಿಸಿದ್ದಾಯಿತು. ಕೆಂಪಿ ಮಲಗುತ್ತಿದ್ದ ಗೋಣಿಚೀಲ ಸುಟ್ಟಿದ್ದಾಯಿತು, ಅದರ ಬದಲಿಗೆ ದಿನಾ ಕುದಿನೀರಿನಲ್ಲಿ ಒಗೆದ ಬೆಡ್‌ಶೀಟಿನ ಹಾಸಿಗೆ ಬಂತು. ಸೌದೆ ಒಟ್ಟಿಲನ್ನು ಬಿಚ್ಚಿ ಬಿಸಿಲಿಗೆ ಹರವಿದೆವು. ಗೋಡೆಯ ಬಿರುಕುಗಳಿಗೆ ಸಿಮೆಂಟ್ ಮೆತ್ತಿ ಮೇಲೆ ಸುಣ್ಣ ಬಳಿದೆವು. ಯುಗಾದಿಗೆ ಬಳಿದ ಸುಣ್ಣ ಇನ್ನೂ ಹಸಿಯಾಗಿದೆಯಲ್ಲ ಎಂದ ಯಜಮಾನರಿಗೆ, "ಹಬ್ಬದ ಸುಣ್ಣ ಕಣ್ಣಿಗೆ ಕಾಣೋ ಕಡೆ ಬಳಿದಿದ್ದೀರಿ ಸಾ, ಇದು ಕಾಣದ ಕಡೆಗೆ" ಎಂದರು ಮೇಡಂ. ಸಿಟ್ಟಾದ ಯಜಮಾನರು ಒಂದು ಮಧ್ಯಾಹ್ನ ಭತ್ತಕ್ಕೆ ಹೊಡೆಯುವ ಔಷಧಿಯ ಕ್ಯಾನನ್ನು ಬೆನ್ನಿಗೇರಿಸಿಕೊಂಡೇ ಬಂದುಬಿಟ್ಟರು, ನಾಯಿಗೂ ಅಂಗಳಕ್ಕೂ ಒಟ್ಟಿಗೆ ಹೊಡೆದು ಮುಗಿಸುತ್ತೇನೆಂದು. ಮೇಡಂ ಕೆಂಪಿಯ ಮುಂದೆ ನಿಂತರು.

"ಗದ್ದೆ ಔಸ್ತಿ ನಾಯಿ ಮೈಗೆ ಆಕ್ಬೇಡಿ. ಮೈ ನೆಕ್ಕತ್ತೆ, ಸಾಯ್ತದೆ. ನಿಮ್ ಮೊಮ್ಮಗಳೂ ಇದೇ ಮಣ್ಣಲ್ಲಿ ಆಡದು."

ಯಜಮಾನರು ಕ್ಯಾನ್ ಇಳಿಸಿದರು. ಡಾಕ್ಟರು ಹೇಳಿಕೊಟ್ಟ ಔಷಧಿಯನ್ನೇ, ಹೇಳಿದ ಅಳತೆಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋಡೆ ಸಂದಿಗಳಿಗೆ ಅವರೇ ಹೊಡೆದರು. ಅದು ಒಣಗುವ ತನಕ ಮಕ್ಕಳನ್ನೂ ಕೆಂಪಿಯನ್ನೂ ಮೇಡಂ ತಮ್ಮ ಮನೆಯೊಳಗೆ ಕೂಡಿಹಾಕಿಕೊಂಡು ಚಿತ್ರಾನ್ನ ತಿನ್ನಿಸಿದರು.

ಶನಿವಾರ ಬೆಳಿಗ್ಗೆ ನೋಡಿದರೆ ಕೆಂಪಿಯ ಕತ್ತಿನಲ್ಲಿ ಮತ್ತೆ ಎಳ್ಳಿನಂಥ ಮರಿ ಉಣ್ಣೆಗಳು.

ಅವರು ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮೆಟ್ಟಿಲ ಮೇಲೆ ಕೂತು, ಗೊಂಚಲನ್ನು ಬಿಚ್ಚಿ ಪಕ್ಕಕ್ಕಿಟ್ಟು, ಅಂಗಳವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಒಳಗೆ ಹೋಗಿ ಎರಡು ಬಿಳಿ ಬೆಡ್‌ಶೀಟ್ ತಂದರು. ಒಂದನ್ನು ಸೌದೆಯ ಜಾಗದ ಬಳಿ ಹಾಸಿದರು, ಇನ್ನೊಂದನ್ನು ಕಟ್ಟೆಯ ಬುಡಕ್ಕೆ. ಆಮೇಲೆ ಕುರ್ಚಿ ತರಿಸಿ, ಎತ್ತಿ ನೋಡಿ, ಕೂತರು. ಸೌದೆಯ ಕಡೆಯ ಬಟ್ಟೆ ಬೆಳ್ಳಗೇ ಉಳಿಯಿತು. ಕಟ್ಟೆಯ ಕಡೆಯದರ ಮೇಲೆ ಬಿಸಿಲೇರುವ ಹೊತ್ತಿಗೆ ಕಂದು ಚುಕ್ಕೆಗಳು ನಡೆಯತೊಡಗಿದವು.

ಅವು ಬರುತ್ತಿದ್ದದ್ದು ದೇವರ ಪಟಗಳ ಹಿಂದಿನಿಂದ.

ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ಗಾಜು ಒಡೆದ ಪಟ, ಗೆದ್ದಲು ತಿಂದ ಕಟ್ಟು, ಹಳೆಯ ಕ್ಯಾಲೆಂಡರಿನ ಲಕ್ಷ್ಮಿ, ಬಣ್ಣ ಹೋದ ಶಿವಪಾರ್ವತಿ, ಇವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಕಸಕ್ಕೆ ಹಾಕುವಂತೆಯೂ ಇಲ್ಲ. ಎಲ್ಲ ಊರಿನಲ್ಲಿ ಮಾಡುವ ಹಾಗೆ ನಮ್ಮ ವಠಾರದವರೂ ಕೈಮುಗಿದು ಕಟ್ಟೆಗೆ ಒರಗಿಸಿ ಬರುತ್ತಿದ್ದರು. ವರ್ಷಾನುಗಟ್ಟಲೆ ಒಂದರ ಮುಂದೊಂದು ಒರಗಿ ಅಲ್ಲಿ ಒಂದು ಗೋಡೆಯೇ ಎದ್ದಿತ್ತು. ನಮ್ಮ ಮನೆಯ ಸರಸ್ವತಿಯೂ ಅದರಲ್ಲಿದ್ದಳು. ಇಡೀ ವಾರ ಅಂಗಳ ಗುಡಿಸಿದ ನಾವೆಲ್ಲ ಆ ಪಟಗಳ ಸುತ್ತ ಪೊರಕೆಯನ್ನು ಭಕ್ತಿಯಿಂದ ತಿರುಗಿಸಿಕೊಂಡು ಹೋಗಿದ್ದೆವು. ದೇವರನ್ನು ಅಲುಗಿಸುವುದು ಯಾರು?

ಮೇಡಂ ಬಗ್ಗಿ ಒಂದು ಪಟದ ಕಡೆ ಕೈ ಚಾಚಿದರು.

"ಬ್ಯಾಡ ಮೇಡಂ," ಎಂದರು ಮಾದೇವಮ್ಮ ಹಿಂದಿನಿಂದ. "ದೇವ್ರ ಪಟ. ನೀವು ಮುಟ್ಬೇಡಿ."

ನೀವು ಎಂಬ ಮಾತು ಎಲ್ಲರಿಗೂ ಕೇಳಿಸಿತು, ಅರ್ಥವೂ ಆಯಿತು. ನಾನು ನೆಲ ನೋಡಿದೆ. ಮೇಡಂ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅಭ್ಯಾಸದಂತೆ ಸೊಂಟದ ಗೊಂಚಲನ್ನು ಹಿಡಿಯಲು ಹೋದರು, ಅದು ಮೆಟ್ಟಿಲ ಮೇಲಿತ್ತು.

"ನಾ ಮುಟ್ಟಲ್ಲ ಕಣ್ರವ್ವ," ಎಂದರು. ದನಿ ಏರಲಿಲ್ಲ. "ಒಂದು ಮಾತು ಕೇಳಿ. ನಾನು ಏಳ್ನೇ ಕ್ಲಾಸಿಗೆ ಹಾಸ್ಟೆಲ್ಲಿಗೆ ಸೇರ್ದೆ. ಮೈ ತುಂಬ ದದ್ದು ಎದ್ದೋಯ್ತು. ಕಾಯಿಲೆ ಹುಡುಗಿ, ಕೊಳಕು ಕೇರಿಯಿಂದ ತಂದವ್ಳೆ ಅಂತ ಮನೆಗೆ ಕಳಿಸ್ಬುಟ್ರು. ಆ ವರ್ಷ ಪರೀಕ್ಷೆ ಓಯ್ತು. ನಮ್ಮವ್ವ ದಿನಾ ಬೇವಿನ ಸೊಪ್ಪಾಕಿ ನೀರುಯ್ಯದು, ಉಯ್ಯದು, ಅಳದು. ಮಾರನೆ ವರ್ಷ ತಿರ್ಗಾ ಹೋದ್ರೆ ನನ್ ಮಂಚದಲ್ಲಿ ಇದ್ದ ಹುಡುಗಿಗೂ ದದ್ದು. ಯಾರೂ ಮಂಚ ಎತ್ತಿ ನೋಡಿರ್ಲಿಲ್ಲ. ತಿಗಣೆ ಮುತ್ಕೊಂಡಿತ್ತು." ಮಾದೇವಮ್ಮನ ಕಡೆ ತಿರುಗಿ ಹೇಳಿದರು: "ಕೆಂಪಿನ ಕಳ್ಸಿ. ಆದ್ರೆ ಉಣ್ಣೆ ಇಲ್ಲೇ ಇರ್ತವೆ. ಪಟ ನೀವೇ ಎತ್ತಿ ನೋಡಿ ಮಾದೇವಮ್ಮಾರೆ. ನಾನು ಕೆಳಗೆ ಬೆಡ್‌ಶೀಟು ಹಿಡ್ಕೊತೀನಿ."

ಮಾದೇವಮ್ಮ ಸೆರಗು ಸಿಕ್ಕಿಸಿ, ನಾಗಪ್ಪನಿಗೊಮ್ಮೆ ಕೈಮುಗಿದು, ಮುಂದಿನ ಶಿವಪಾರ್ವತಿಯನ್ನು ಎತ್ತಿದರು. ಹಿಂದಿನ ರಟ್ಟಿನ ಮೇಲೆ ಊದಿದ ಉಣ್ಣೆಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು, ಮೂಲೆಯಲ್ಲಿ ಮೊಟ್ಟೆಯ ರಾಶಿ. "ಅಯ್ಯೋ ನನ್ನಪ್ಪನೇ, ನಿನ್ ಬೆನ್ನಲ್ಲೇ ಇದ್ವಾ!" ಎಂದು ದೇವರಿಗೇ ಹೇಳಿದರು. ಅವರು ಒಂದೊಂದೇ ಎತ್ತಿದರು, ಮೇಡಂ ಬೆಡ್‌ಶೀಟ್ ಹಿಡಿದರು, ನಾನು ಕುದಿನೀರು ಹೊತ್ತೆ. ಕಾಗದಗಳನ್ನು ಬಿಡಿಸಿ ಒಣ ಬಟ್ಟೆಯಲ್ಲಿ ಒರೆಸಿ ಒಂದು ಕಡೆ ಇಟ್ಟೆವು, ಕಟ್ಟಿನ ಮರ ರಟ್ಟು ಒಲೆಗೆ ಹೋಯಿತು. ಇದು ಯಾರ ಮನೆಯ ಪಟ ಎಂದು ಕೇಳಿದರೆ ಮಾತ್ರ ಯಾರೂ ಒಪ್ಪಿಕೊಳ್ಳಲಿಲ್ಲ. ನಮ್ಮ ಸರಸ್ವತಿಯೂ ಅನಾಥಳಾದಳು.

ಭಾನುವಾರ ಗೂಡ್ಸ್ ಆಟೊ ಬಂತು. "ನಾಯಿ ಎಲ್ಲಿ?" ಎಂದ ಡ್ರೈವರ್. ಮಾದೇವಮ್ಮ ದೇವರ ಕಾಗದಗಳನ್ನೆಲ್ಲ ಬಿಳಿ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಹೊರಗೆ ತಂದಿದ್ದರು. "ನಾಯಿ ಇಲ್ಲೇ ಇರ್ತದೆ. ನಡಿ, ಸಂಗಮಕ್ಕೆ, ಇವನ್ನ ಹೊಳೆಗೆ ಬಿಡಾಣ" ಎಂದು ಆಟೊದ ಹಿಂದೆ ಹತ್ತಿ ಕೂತರು. ಗಂಟು ದೊಡ್ಡದಾಗಿತ್ತು. ಅತ್ತಿತ್ತ ನೋಡಿ, ಅಂಗಳದಲ್ಲಿ ನಿಂತಿದ್ದವರನ್ನು ಕರೆದರು. "ಬನ್ನಿ ಮೇಡಂ, ಈ ಕಡೆ ಹಿಡ್ಕೊಳಿ. ನಂಗೊಬ್ಳಿಗೆ ಆಗಲ್ಲ."

ಮೇಡಂ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಹತ್ತಿದರು. ಆ ಗಂಟನ್ನು ನಡುವೆ ತೊಡೆಯ ಮೇಲಿಟ್ಟುಕೊಂಡು ಇಬ್ಬರು ಹೆಂಗಸರು ಎದುರುಬದುರು ಕೂತು ಹೋದದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನನಗೆ ಅಳು ಬಂದಿತ್ತು, ಸುಣ್ಣದ ಧೂಳು ಎಂದು ಹೆಂಡತಿಗೆ ಹೇಳಿದೆ.

ಉಣ್ಣೆ ಒಂದೇ ದಿನಕ್ಕೆ ಹೋಗಲಿಲ್ಲ. ಉಳಿದ ಮೊಟ್ಟೆ ಒಡೆಯುತ್ತವೆಂದು ಮೇಡಂ ಮಳೆಗಾಲದವರೆಗೂ ಬೆಡ್‌ಶೀಟ್ ಹಾಸಿ ನೋಡುತ್ತಲೇ ಇದ್ದರು. ಕೊನೆಗೆ ಬಟ್ಟೆ ಬೆಳ್ಳಗೇ ಉಳಿಯಿತು, ಕೆಂಪಿ ಎದ್ದು ಅಪರಿಚಿತರಿಗೆ ಎರಡು ಸಲ ಬೊಗಳಿತು. ಮಾದೇವಮ್ಮನ ಒಪ್ಪೊತ್ತು ನಿಂತುಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ದಿನಾ ಇದ್ದದ್ದು ವಾರಕ್ಕೊಂದಕ್ಕೆ ಇಳಿಯಿತು. ಅದು ಸೋಮವಾರ, ಅವತ್ತು ಅವರಿಗೆ ನಿಜವಾದ ಉಪವಾಸವೇ.

ಎದೆಯ ಕಾಯಿಲೆ ಹೆಚ್ಚಾಗಿ ಮೇಡಂ ಮೈಸೂರಿಗೆ ಹೋದ ಮೇಲೆ ಕೆಂಪಿಗೆ ಅನ್ನ ಹಾಕುವ ಕೆಲಸ ವಠಾರದ್ದಾಯಿತು. ನಾನೂ ಹಾಕುತ್ತೇನೆ. ಸಾವಿನ ನಂತರ ತಂಗಿಯ ಮಗಳು ಬಂದು ಮನೆ ಖಾಲಿ ಮಾಡಿದಳು. ಬುದ್ಧನ ಪಟವನ್ನು ಎದೆಗವಚಿಕೊಂಡು ಹೋದಳು. ಪೆಟ್ಟಿಗೆಯಲ್ಲಿದ್ದ ಇನ್ನೊಂದು ಪಟ ಉಳಿಯಿತು. ನಿವೃತ್ತಿಯ ದಿನ ಮೇಡಂ ಹಾಸ್ಟೆಲಿನ ಹುಡುಗಿಯರ ನಡುವೆ, ಕುರ್ಚಿಯ ತುದಿಯಲ್ಲಿ ಕೂತು ತೆಗೆಸಿದ್ದು. ಗಾಜು ಒಡೆದಿತ್ತು.

ಮಾದೇವಮ್ಮ ಅದಕ್ಕೆ ಹೊಸ ಗಾಜು ಹಾಕಿಸಿ ತಮ್ಮ ಜಗುಲಿಯ ಗೋಡೆಗೆ ತೂಗುಹಾಕಿದ್ದಾರೆ. ಪ್ರತಿ ಶುಕ್ರವಾರ ಮನೆ ಸಾರಿಸಿದ ಮೇಲೆ ಅದನ್ನು ಮೊಳೆಯಿಂದ ಇಳಿಸಿ, ಬೆನ್ನು ತಿರುಗಿಸಿ, ಮೂಲೆ ಮೂಲೆ ನೋಡಿ, ಒರೆಸುತ್ತಾರೆ. ಮೊನ್ನೆ ಬಾಡಿಗೆ ಕೊಡಲು ಹೋದವನು ನಾನು ಬಾಗಿಲಲ್ಲೇ ನಿಂತೆ. ಮಾದೇವಮ್ಮನ ಕಾಲ ಬುಡದಲ್ಲಿ ಮುದಿ ಕೆಂಪಿ ನಿದ್ದೆ ಮಾಡುತ್ತಿತ್ತು. ನಾನು ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಪಟವನ್ನು ಮತ್ತೆ ಮೊಳೆಗೆ ಹಾಕಿ, ಓರೆಯಾಗಿದ್ದದ್ದನ್ನು ಸರಿಮಾಡಿ, ಮೆಲ್ಲಗೆ ಹೇಳಿದರು:

"ಎತ್ತಿ ನೋಡ್ದೆ ಮೇಡಂ. ಏನೂ ಇಲ್ಲ."